ಬಳ್ಳಾರಿಯಲ್ಲಿ ಹೊಸ ಬಿಸ್ನೆಸ್: ಆಫೀಸ್ ಖರ್ಚು ಕೈ ಮೀರದಂತೆ ನೋಡಿಕೊಳ್ಳುವುದು ಹೇಗೆ?

ಜೀನ್ಸ್ ಹೊಲಿಗೆಯ ಜಾಬ್‌ವರ್ಕ್ ಹಿಡಿಯುವವರು, ಸಿಸಿಟಿವಿ ಹಾಕುವವರು, ಟ್ಯಾಕ್ಸ್ ಕೆಲಸ ಮಾಡಿಕೊಡುವವರು, ಲಾರಿ ಬುಕಿಂಗ್ ನಡೆಸುವವರು. ಹೊಸದಾಗಿ ಶುರು ಮಾಡುವ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಆಫೀಸ್‌ಗೆ ಎಷ್ಟು ದುಡ್ಡು ಎತ್ತಿಡಬೇಕು?’

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ. ಒಂದು ತಿಂಗಳು ಒಬ್ಬ ಗಿರಾಕಿಯೂ ಬರಲಿಲ್ಲ ಅಂದುಕೊಳ್ಳಿ. ಆಗಲೂ ಜೇಬಿನಿಂದ ಎಷ್ಟು ಹೋಗುತ್ತದೆ? ಬಾಡಿಗೆ, ಕರೆಂಟಿನ ನಿಗದಿತ ಶುಲ್ಕ, ಇಂಟರ್ನೆಟ್, ಸಂಬಳ, ಸಾಲದ ಕಂತು. ಹೊಸ ಬಿಸ್ನೆಸ್ ಮುಳುಗಿಸುವುದು ಹೆಚ್ಚಾಗಿ ಈ ಮೊತ್ತವೇ. ಒಂದೇ ಸಲ ದುಡ್ಡು ಕೊಟ್ಟು ತಂದ ಟೇಬಲ್ಲು ಕುರ್ಚಿಯಿಂದ ಯಾರೂ ಅಂಗಡಿ ಮುಚ್ಚಿದ್ದಿಲ್ಲ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಕೇಳಿಕೊಳ್ಳುತ್ತ ಹೋಗಿ: ಇದು ಒಂದು ಸಲದ ಖರ್ಚಾ, ತಿಂಗಳು ತಿಂಗಳು ಬರುವ ಖರ್ಚಾ? ಎರಡನೆಯದಾದರೆ ಹತ್ತು ಸಲ ಯೋಚಿಸಿ. ಆ ತಿಂಗಳ ಮೊತ್ತದ ಆರು ಪಟ್ಟು ಕೈಯಲ್ಲಿ ಇಲ್ಲದೆ ಶಟರ್ ಎತ್ತಬೇಡಿ ಅನ್ನುವುದು ನನ್ನ ಸಲಹೆ.

ಉದಾಹರಣೆಗಳು ಬಳ್ಳಾರಿಯವು. ರಾಯಚೂರು, ಕೊಪ್ಪಳದವರಿಗೂ ಬಹುತೇಕ ಹೀಗೇ. ಕರೆಂಟು ಅಲ್ಲಿಯೂ ಜೆಸ್ಕಾಂದೇ, ಬಿಸಿಲೂ ಅದೇ.

1. ಮೊದಲು ನೋಡಿ: ಯಾರು ಯಾರ ಹತ್ತಿರ ಬರುತ್ತಾರೆ?

ಆಫೀಸ್ ಬೇಕೋ ಬೇಡವೋ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ. ಗಿರಾಕಿ ನಿಮ್ಮ ಹತ್ತಿರ ಬರುತ್ತಾರಾ, ನೀವೇ ಅವರ ಹತ್ತಿರ ಹೋಗುತ್ತೀರಾ?

ತೋರಣಗಲ್ಲು, ಸಂಡೂರು ಕಡೆಯ ಕಂಪನಿಗಳಿಗೆ ಮಾಲು ಅಥವಾ ಕೆಲಸ ಒದಗಿಸುವವರು ನೀವಾದರೆ, ಅಲ್ಲಿನ ಮ್ಯಾನೇಜರ್ ನಿಮ್ಮ ಆಫೀಸ್ ನೋಡಲು ಬಳ್ಳಾರಿಗೆ ಬರುವುದಿಲ್ಲ. ನೀವೇ ಗಾಡಿ ಹತ್ತಿ ಹೋಗಬೇಕು. ಅಂಥವರು ರಾಯಲ್ ಸರ್ಕಲ್ ಹತ್ತಿರ ಗಾಜಿನ ಬಾಗಿಲಿನ ಆಫೀಸ್ ಹಿಡಿದರೆ, ಆ ಬಾಡಿಗೆ ಕಟ್ಟುವುದು ನೆಂಟರಿಗೆ ತೋರಿಸುವುದಕ್ಕೆ ಅಷ್ಟೇ. ಸಿಸಿಟಿವಿ, ಸೋಲಾರ್, ಎಸಿ ರಿಪೇರಿ ಮಾಡುವವರಿಗೂ ಸಾಮಾನು ಇಡಲು ಒಂದು ರೂಮು ಇದ್ದರೆ ಸಾಕು.

ಸಿರುಗುಪ್ಪ, ಕುರುಗೋಡು, ಕಂಪ್ಲಿ ಕಡೆಯಿಂದ ಜನ ಬಸ್ಸಿನಲ್ಲಿ ಬಂದು ನಿಮ್ಮನ್ನು ಹುಡುಕಬೇಕು ಅಂತಿದ್ದರೆ ಮಾತು ಬೇರೆ. ಆಗ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ಹತ್ತಿರ ಇರಲೇಬೇಕು. ಆದರೆ ಮೇನ್ ರೋಡಿಗೇ ಮುಖ ಇರಬೇಕಾಗಿಲ್ಲ. ಒಂದು ಅಡ್ಡರಸ್ತೆ ಒಳಗೆ ಹೋದರೂ ಬಾಡಿಗೆ ಇಳಿಯುತ್ತದೆ. ಹುಡುಕಿಕೊಂಡು ಬರುವವರಿಗೆ ಮೊಬೈಲ್ ಮ್ಯಾಪಿನಲ್ಲಿ ಸರಿಯಾದ ಗುರುತು ಹಾಕಿಟ್ಟರೆ ಆಯ್ತು. ಅದಕ್ಕೆ ದುಡ್ಡಿಲ್ಲ.

ನೋಡಿ, ಕಂಡು ಒಳಗೆ ಬರುವ ವ್ಯಾಪಾರ, ಅಂದರೆ ಜೆರಾಕ್ಸ್, ಮೊಬೈಲ್, ತಿಂಡಿ, ಬಟ್ಟೆ, ಇಂಥದಕ್ಕೆ ಮಾತ್ರ ಮೇನ್ ರೋಡಿನ ಬಾಡಿಗೆ ಗಿಟ್ಟುತ್ತದೆ.

2. ಸಾಧ್ಯವಾದರೆ ಮನೆಯಿಂದಲೇ ಶುರು ಮಾಡಿ

‘ಮನೆ ವಿಳಾಸಕ್ಕೆ ಜಿಎಸ್‌ಟಿ ಕೊಡ್ತಾರಾ?’ ಅಂತ ತುಂಬಾ ಜನ ಕೇಳುತ್ತಾರೆ. ಕೊಡುತ್ತಾರೆ. ಮನೆ ನಿಮ್ಮದೇ ಆದರೆ ಆಸ್ತಿ ತೆರಿಗೆ ರಸೀದಿ ಅಥವಾ ಕರೆಂಟ್ ಬಿಲ್, ಯಾವುದಾದರೂ ಒಂದು. ಮನೆ ಅಪ್ಪನ ಹೆಸರಿನಲ್ಲಿದ್ದರೆ ಅದರ ಜೊತೆಗೆ ‘ನನ್ನ ಮನೆಯ ಈ ಭಾಗದಲ್ಲಿ ಮಗ ವ್ಯಾಪಾರ ನಡೆಸಲು ಒಪ್ಪಿದ್ದೇನೆ’ ಅಂತ ಅವರ ಸಹಿ ಇರುವ ಒಪ್ಪಿಗೆ ಪತ್ರ.

ಎಡವುವುದು ಕರೆಂಟಿನಲ್ಲಿ. ಮನೆ ಮೀಟರ್ ಗೃಹಬಳಕೆಯದು. ವ್ಯಾಪಾರಕ್ಕೆ ದರವೇ ಬೇರೆ. ‘ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಬರಲ್ಲ’ ಅಂದುಕೊಂಡು ಮುಂದಿನ ರೂಮಿನಲ್ಲಿ ನಾಲ್ಕು ಹೊಲಿಗೆ ಮಷಿನ್ ಹಾಕಿದರೆ ಕಷ್ಟ. ಆ ಯೋಜನೆ ಗೃಹಬಳಕೆಗೆ ಮಾತ್ರ. ಒಂದು ಉದ್ದೇಶಕ್ಕೆ ಪಡೆದ ಕರೆಂಟನ್ನು ಬೇರೆ ಉದ್ದೇಶಕ್ಕೆ ಬಳಸಿದ್ದು ತಪಾಸಣೆಯಲ್ಲಿ ಗೊತ್ತಾದರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಎರಡು ಪಟ್ಟು ದರದಲ್ಲಿ ಹಿಂದಿನ ಲೆಕ್ಕ ಹಾಕುತ್ತಾರೆ. ಯಾವಾಗಿಂದ ಬಳಸಿದ್ದು ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ. ವ್ಯಾಪಾರಕ್ಕೆ ಅಂತಲೇ ರೂಮು ತೆಗೆದಿಟ್ಟು, ಮಷಿನ್ನೋ ಎಸಿಯೋ ಹಾಕುವುದಾದರೆ ಅದಕ್ಕೆ ಬೇರೆ ಮೀಟರ್ ಕೇಳಿ. ಏನು ಮಾಡುತ್ತೀರಿ ಅಂತ ಮೊದಲೇ ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಹೇಳಿ ಕೇಳುವುದು ಅಗ್ಗದ ದಾರಿ.

ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳದೆ ಬೋರ್ಡ್ ಹಾಕಬೇಡಿ. ಮನೆ ಖಾಲಿ ಮಾಡಿ ಅಂದರೆ ಎರಡೂ ಹೋಯ್ತು, ಅಲ್ವಾ?

3. ಜಾಗ ನೋಡಲು ಮಧ್ಯಾಹ್ನ 3 ಗಂಟೆಗೆ ಹೋಗಿ

ಮಾಲೀಕರು ಬೆಳಗ್ಗೆ 10ಕ್ಕೆ ಬನ್ನಿ ಅನ್ನುತ್ತಾರೆ. ಆಗ ಎಲ್ಲ ರೂಮೂ ತಂಪೇ. ನೀವು 3 ಗಂಟೆಗೆ ಹೋಗಿ. ಪಡುವಣ ದಿಕ್ಕಿನ ಗೋಡೆಗೆ ಅಂಗೈ ಇಟ್ಟು ನೋಡಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಆ ರೂಮು ಬೇಸಿಗೆಯಲ್ಲಿ ಎಸಿ ಇಲ್ಲದೆ ನಡೆಯುವುದಿಲ್ಲ. ಪಡುವಣಕ್ಕೆ ತೆರೆದ ತಗಡಿನ ಶಟರ್, ಮೇಲೆ ಬರೀ ಮಾಳಿಗೆ, ಇವೆರಡೂ ಸೇರಿದ ಮಳಿಗೆಗೆ ಬಾಡಿಗೆ ಯಾಕೆ ಕಡಿಮೆ ಅಂತ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಬಾಡಿಗೆಯಲ್ಲಿ ಉಳಿದದ್ದು ಕರೆಂಟ್ ಬಿಲ್ಲಿನಲ್ಲಿ ಹೋಗುತ್ತದೆ. ಮೇಲೆ ಇನ್ನೊಂದು ಮಹಡಿ ಇರುವ, ಉತ್ತರಕ್ಕೋ ಮೂಡಣಕ್ಕೋ ಬಾಗಿಲಿರುವ ಜಾಗಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಅಲ್ಲೇ ನಿಂತು ಇನ್ನೊಂದಿಷ್ಟು ಕೇಳಿ.

ನೀರು. ನಲ್ಲಿ ನೀರು ದಿನಾ ಬರುವ ಊರಲ್ಲ ನಮ್ಮದು. ಬೋರ್ ಇದೆಯಾ, ಸಂಪ್ ಇದೆಯಾ, ಮೋಟಾರಿನ ಕರೆಂಟು ಯಾರ ಲೆಕ್ಕದಲ್ಲಿ? ಶೌಚಾಲಯದಲ್ಲಿ ಕೊಳಾಯಿ ತಿರುಗಿಸಿ ನೋಡಿ. ಬಾಯಿಮಾತು ನಂಬಬೇಡಿ.

ಆರ್.ಆರ್. ನಂಬರ್. ಇದು ಕರೆಂಟ್ ಮೀಟರಿನ ಗುರುತಿನ ಸಂಖ್ಯೆ, ಬಿಲ್ಲಿನ ಮೇಲೇ ಇರುತ್ತದೆ. ಕೊನೆಯ ಬಿಲ್ಲನ್ನೂ ಅದನ್ನು ಕಟ್ಟಿದ ರಸೀದಿಯನ್ನೂ ತೋರಿಸಲು ಹೇಳಿ. ಹಿಂದಿನ ಬಾಡಿಗೆದಾರ ಬಾಕಿ ಉಳಿಸಿ ಹೋಗಿದ್ದರೆ ಫ್ಯೂಸ್ ಕೀಳಲು ಬರುವುದು ನೀವಿರುವ ಜಾಗಕ್ಕೇ. ಮೀಟರ್ ಬೇರೆ ಇದೆಯೋ, ಮೂರು ಮಳಿಗೆಗೆ ಒಂದೇ ಇದೆಯೋ ಅದನ್ನೂ ನೋಡಿ. ಒಂದೇ ಇದ್ದರೆ ಸಬ್‌ಮೀಟರ್ ಇಲ್ಲದೆ ಒಪ್ಪಬೇಡಿ. ‘ಎಲ್ಲರೂ ಸಮ ಹಂಚಿಕೊಳ್ಳೋಣ’ ಅಂದರೆ ಪಕ್ಕದವರ ಫ್ರಿಜ್ಜಿನ ಬಿಲ್ಲು ನೀವು ಕಟ್ಟುತ್ತೀರಿ.

ಕಾಗದ. ಆಸ್ತಿ ತೆರಿಗೆ ರಸೀದಿಯ ಅಥವಾ ಕರೆಂಟ್ ಬಿಲ್ಲಿನ ಪ್ರತಿ ಕೊಡುತ್ತೀರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಕೆಲವು ಮಾಲೀಕರು ‘ಜಿಎಸ್‌ಟಿಗೆಲ್ಲ ನಮ್ಮ ಕಾಗದ ಕೊಡಲ್ಲ’ ಅನ್ನುತ್ತಾರೆ. ಅಂಥ ಜಾಗ ಎಷ್ಟು ಅಗ್ಗವಾದರೂ ನಿಮಗೆ ಉಪಯೋಗವಿಲ್ಲ.

4. ಬಾಡಿಗೆ ಮಾತು ಮತ್ತು ಕರಾರು

ಬಾಡಿಗೆಯಲ್ಲಿ 500 ರೂಪಾಯಿ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುವವರು ಅಡ್ವಾನ್ಸ್ ವಿಷಯದಲ್ಲಿ ಸುಮ್ನೆ ಇರುತ್ತಾರೆ. ಅಡ್ವಾನ್ಸ್ ನಿಮ್ಮ ವ್ಯಾಪಾರದಲ್ಲಿ ತಿರುಗಬೇಕಾದ ದುಡ್ಡು, ಬಡ್ಡಿ ಇಲ್ಲದೆ ಬೇರೆಯವರ ಹತ್ತಿರ ಕೂರುತ್ತದೆ. ಮೊದಲು ಅದನ್ನು ಇಳಿಸಿ. ಪೇಂಟ್, ವೈರಿಂಗ್ ನೀವೇ ಮಾಡಿಸುವುದಾದರೆ ಆ ತಿಂಗಳ ಬಾಡಿಗೆ ಬಿಡಿ ಅಂತ ಕೇಳಿ. ಖಾಲಿ ಬಿದ್ದಿದ್ದ ಮಳಿಗೆಯಾದರೆ ಬಹಳಷ್ಟು ಮಾಲೀಕರು ಒಪ್ಪುತ್ತಾರೆ.

ಭೋಗ್ಯಕ್ಕೆ, ಅಂದರೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ವ್ಯವಸ್ಥೆಗೆ, ಮಳಿಗೆ ಸಿಕ್ಕರೆ ಖುಷಿಪಡುವವರಿದ್ದಾರೆ. ತಿಂಗಳ ಖರ್ಚು ಕಡಿಮೆ ಆಗುವುದು ನಿಜ. ಆದರೆ ಹೊಸ ವ್ಯಾಪಾರದವರಿಗೆ ನಾನು ಬೇಡ ಅನ್ನುತ್ತೇನೆ. ಬಂಡವಾಳವೆಲ್ಲ ಗೋಡೆಯಲ್ಲಿ ಸಿಕ್ಕಿಕೊಂಡರೆ ಮಾಲು ತರುವುದು ಯಾವುದರಲ್ಲಿ? ಮಾಲೀಕರ ಹತ್ತಿರ ವಾಪಸ್ ಕೊಡಲು ದುಡ್ಡಿಲ್ಲದೆ ಹೋದರೆ ಇನ್ನೂ ಕಷ್ಟ.

ಕರಾರು 11 ತಿಂಗಳಿಗೆ ಯಾಕೆ ಬರೆಯುತ್ತಾರೆ? ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು 11 ತಿಂಗಳು. ಶುರುವಿನಲ್ಲಿ ನಿಮಗೂ ಇದೇ ಒಳ್ಳೆಯದು. ಬಿಸ್ನೆಸ್ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲದೆ ಮೂರು ವರ್ಷಕ್ಕೆ ಸಹಿ ಹಾಕುವುದು ಯಾಕೆ?

ಕರಾರಿನಲ್ಲಿ ಬರಲೇಬೇಕಾದದ್ದು ಇಷ್ಟು: ಅಡ್ವಾನ್ಸ್ ಎಷ್ಟು, ಯಾವ ಚೆಕ್ ಅಥವಾ ವರ್ಗಾವಣೆಯಲ್ಲಿ ಕೊಟ್ಟಿರಿ, ಖಾಲಿ ಮಾಡಿದ ಎಷ್ಟು ದಿನಕ್ಕೆ ವಾಪಸ್. ಮುಂದಿನ ಸಲ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ. ಎಷ್ಟು ತಿಂಗಳು ಮೊದಲು ನೋಟಿಸ್ ಕೊಡಬೇಕು. ಆಸ್ತಿ ತೆರಿಗೆ, ನೀರು, ಮೆಟ್ಟಿಲ ಲೈಟು ಯಾರದು. ‘ಲಾಕ್-ಇನ್’ ಅನ್ನುವ ಸಾಲು ಇದ್ದರೆ ನಿಂತು ಓದಿ. ಅಷ್ಟು ತಿಂಗಳು ನೀವು ಬಿಟ್ಟು ಹೋದರೂ ಬಾಡಿಗೆ ಕಟ್ಟಬೇಕು ಅನ್ನುವ ಷರತ್ತು ಅದು. ಹೊಸಬರಿಗೆ ಬೇಡವೇ ಬೇಡ.

ಗೆಳೆಯನ ಅಂಗಡಿಯಲ್ಲಿ ಅರ್ಧ ಜಾಗ ಹಂಚಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಆದರೆ ಕಟ್ಟಡದ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ, ಯಾವ ಭಾಗ ನಿಮ್ಮದು ಅಂತಲೂ ಬರೆಸಿ.

ಈಗ ಬಹಳ ಜನ ಎಡವುವ ಜಾಗ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದು, ಮಳಿಗೆ ಮಾಲೀಕರಿಗೆ ಜಿಎಸ್‌ಟಿ ಇಲ್ಲದಿದ್ದರೆ, ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ನೀವೇ ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್ 10ರಿಂದ ಬಂದ ನಿಯಮ ಇದು. ಹೆಸರು ‘ರಿವರ್ಸ್ ಚಾರ್ಜ್’: ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವುದು. ಬಾಡಿಗೆ 8,000 ಅಂದರೆ 1,440 ರೂಪಾಯಿ. ಇದನ್ನು ನಗದಾಗಿಯೇ ಕಟ್ಟಬೇಕು. ಕಟ್ಟಿದ ಮೇಲೆ ನಿಮ್ಮ ಮಾರಾಟದ ತೆರಿಗೆಯಲ್ಲಿ ಅಷ್ಟನ್ನು ಕಳೆದು ಉಳಿದದ್ದು ಕಟ್ಟಬಹುದು. ವ್ಯಾಪಾರ ಇನ್ನೂ ಕುದುರದಿದ್ದರೆ ಕಳೆಯಲು ಏನೂ ಇರುವುದಿಲ್ಲ, ದುಡ್ಡು ಅಲ್ಲೇ ಕೂರುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆಯಲ್ಲಿ ಇರುವವರಿಗೆ ಈ ನಿಯಮ ಇಲ್ಲ. ಜಿಎಸ್‌ಟಿಯೇ ಇಲ್ಲದವರಿಗೂ ಇಲ್ಲ.

5. ನೋಂದಣಿ: ಬೇಕಾದದ್ದು ಮಾತ್ರ, ಬೇಕಾದಾಗ ಮಾತ್ರ

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಪೂರ್ತಿ ಉಚಿತ. 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಕೂತಲ್ಲೇ ಆಗುತ್ತದೆ. ಸರ್ಕಾರದ್ದೇ ಅನ್ನಿಸುವಂಥ ಹೆಸರಿಟ್ಟುಕೊಂಡು ಸಾವಿರ, ಎರಡು ಸಾವಿರ ಕೇಳುವ ಖಾಸಗಿ ಸೈಟುಗಳಿವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದಿದ್ದರೆ ಮುಚ್ಚಿಬಿಡಿ.

ಜಿಎಸ್‌ಟಿ ನೋಂದಣಿಗೂ ಸರ್ಕಾರಿ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಬೇಕಾಗಿಲ್ಲ. ‘ಇರಲಿ ಬಿಡಿ’ ಅಂತ ಸುಮ್ನೆ ಮಾಡಿಸಿಕೊಂಡರೆ, ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ರಿಟರ್ನ್, ಅಂದರೆ ವ್ಯಾಪಾರ ಮತ್ತು ತೆರಿಗೆಯ ಲೆಕ್ಕದ ವಿವರ, ಹಾಕಬೇಕು. ಖಾಲಿ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ. ಜೊತೆಗೆ ಹಾಕಿಕೊಡುವವರ ಫೀಸು.

ಆದರೆ ನಮ್ಮದು ಗಡಿ ಜಿಲ್ಲೆ. ಇದನ್ನು ಮರೆಯಬೇಡಿ. ಬಳ್ಳಾರಿಯಿಂದ ರಾಯದುರ್ಗಕ್ಕೋ ಗುಂತಕಲ್ಲಿಗೋ ಸರಕು ಮಾರಿದರೆ ಅದು ಬೇರೆ ರಾಜ್ಯ. ಆಗ 40 ಲಕ್ಷದ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಬಿಲ್ಲಿನಿಂದಲೇ ನೋಂದಣಿ ಬೇಕು. ಕಾಂಪೊಸಿಷನ್‌ನಲ್ಲಿದ್ದುಕೊಂಡು ಹೊರ ರಾಜ್ಯಕ್ಕೆ ಸರಕು ಮಾರುವಂತೆಯೂ ಇಲ್ಲ. ರಾಯಚೂರಿನವರು ಗದ್ವಾಲ್ ಕಡೆಗೆ ಮಾರುವಾಗಲೂ ಇದೇ ಕಥೆ. ಸೇವೆಗೆ ಮಾತ್ರ 20 ಲಕ್ಷದ ಮಿತಿ ಹೊರ ರಾಜ್ಯಕ್ಕೂ ಅನ್ವಯಿಸುತ್ತದೆ.

ಮಳಿಗೆ ಹಿಡಿದ ಮೇಲೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಯಾವ ವ್ಯಾಪಾರಕ್ಕೆ ಎಷ್ಟು ಅಂತ ಪಾಲಿಕೆ ಕಚೇರಿಯಲ್ಲೇ ಕೇಳಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವಿಚಾರಕ್ಕೆ ಕಾರ್ಮಿಕ ಇಲಾಖೆ. ಏಜೆಂಟರಿಗೆ ಕೊಡುವುದಾದರೆ ಸರ್ಕಾರಿ ಶುಲ್ಕ ಎಷ್ಟು, ನಿಮ್ಮ ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಒಟ್ಟು ಮೊತ್ತ ಹೇಳಿದರೆ ಒಪ್ಪಬೇಡಿ.

6. ಬಿಸಿಲು ಮತ್ತು ಕರೆಂಟ್ ಬಿಲ್

ಬಳ್ಳಾರಿಯ ಬೇಸಿಗೆ ಒಣ ಬೇಸಿಗೆ. ಹಾಗಾಗಿ ಇಲ್ಲಿ ಕೂಲರ್ ನಿಜಕ್ಕೂ ಕೆಲಸ ಮಾಡುತ್ತದೆ. ಕೂಲರ್ ಎಳೆಯುವುದು ಸುಮಾರು 150ರಿಂದ 200 ವಾಟ್. ಒಂದು ಟನ್ ಎಸಿ ಓಡುವಾಗ ಸಾವಿರ ವಾಟಿನ ಆಸುಪಾಸು. ಆದರೆ ಎಲ್ಲರೂ ಮಾಡುವ ತಪ್ಪು ನೋಡಿ: ಕೂಲರನ್ನು ರೂಮಿನ ಮೂಲೆಯಲ್ಲಿಟ್ಟು, ಎಸಿ ಹಾಕಿದವರ ಹಾಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆಗೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ, ಕಾಗದ ಮೆತ್ತಗಾಗುತ್ತದೆ, ‘ಕೂಲರ್ ದಂಡ’ ಅನ್ನುತ್ತಾರೆ. ಕೂಲರಿನ ಬೆನ್ನು ಕಿಟಕಿಗೆ ಇರಬೇಕು, ಹೊರಗಿನ ಒಣ ಗಾಳಿ ಎಳೆಯಬೇಕು, ಎದುರಿನ ಬಾಗಿಲು ಸ್ವಲ್ಪ ತೆರೆದಿರಬೇಕು. ಮಳೆಗಾಲದಲ್ಲಿ ಅದು ಕೆಲಸಕ್ಕೆ ಬಾರದು, ಫ್ಯಾನು ಸಾಕು.

ಫ್ಯಾನು ಹೊಸದಾಗಿ ತರುವುದಾದರೆ ಬಿಎಲ್‌ಡಿಸಿ ಮೋಟಾರಿನದನ್ನೇ ತನ್ನಿ. ಹಳೆಯ ಫ್ಯಾನು ಸುಮಾರು 75 ವಾಟ್ ತಿಂದರೆ ಇದು 30ರ ಹತ್ತಿರ. ಮೂರು ಫ್ಯಾನು, ದಿನಕ್ಕೆ 10 ಗಂಟೆ, 26 ದಿನ ಅಂದರೆ ತಿಂಗಳಿಗೆ 35 ಯೂನಿಟ್ ಉಳಿತಾಯ. ಎಸಿ ಹಾಕಲೇಬೇಕಾದರೆ 24 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಒಂದೊಂದು ಡಿಗ್ರಿ ಮೇಲೆ ಇಟ್ಟಷ್ಟೂ ಸುಮಾರು ಶೇ. 6 ಕರೆಂಟು ಉಳಿಯುತ್ತದೆ ಅನ್ನುವುದು ಇಂಧನ ದಕ್ಷತಾ ಬ್ಯೂರೋ ಲೆಕ್ಕ.

ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಅಂತ ಒಂದು ಸಾಲು ಇರುತ್ತದೆ. ಸ್ವಿಚ್ಚೇ ಹಾಕದಿದ್ದರೂ ಅದು ಬರುತ್ತದೆ, ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಳೆಯಲು ಒಪ್ಪಿಗೆ ಇರುವ ಕರೆಂಟು, ಎಷ್ಟು ಕಿಲೋವಾಟ್ ಇದೆಯೋ ಅದರ ಮೇಲೆ. ಹಿಂದೆ ಇದ್ದವರು ದೊಡ್ಡ ಮಷಿನ್‌ಗಾಗಿ ಲೋಡ್ ಏರಿಸಿದ್ದರೆ, ಮಾಲೀಕರಿಂದ ಅರ್ಜಿ ಹಾಕಿಸಿ ಇಳಿಸಿ.

7. ಸಾಮಾನು

ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೆಲ್ಲ ಮಾಲೀಕರದು ಅಂತಲೇ ತಿಳಿಯಿರಿ. ಫಾಲ್ಸ್ ಸೀಲಿಂಗ್, ಗಾಜಿನ ಪಾರ್ಟಿಷನ್, ಗೋಡೆಗಂಟಿದ ಕಪಾಟು, ಬಿಡುವಾಗ ಒಂದೂ ನಿಮ್ಮ ಜೊತೆ ಬರುವುದಿಲ್ಲ. ಎರಡು ಕಬ್ಬಿಣದ ಬೀರು ಅಡ್ಡ ಇಟ್ಟರೆ ಅದೇ ಪಾರ್ಟಿಷನ್, ಮುಂದಿನ ಜಾಗಕ್ಕೂ ಬರುತ್ತದೆ.

ಟೇಬಲ್ಲು, ಬೀರು ಸೆಕೆಂಡ್ ಹ್ಯಾಂಡ್ ತನ್ನಿ. ದಿನವಿಡೀ ಕೂರುವ ಕುರ್ಚಿ ಮಾತ್ರ ಹೊಸದೇ ಇರಲಿ. ಬೆನ್ನುನೋವಿನ ಔಷಧಿ ಅಗ್ಗವಲ್ಲ.

ಡೆಸ್ಕ್‌ಟಾಪ್ ತಂದರೆ ಯುಪಿಎಸ್ ಬೇಕು, ಅದರ ಬ್ಯಾಟರಿ ಆಗಾಗ ಬದಲಿಸಬೇಕು. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ವೈಫೈ ರೌಟರಿಗೆ ಮಾತ್ರ ಅಂಗೈಯಷ್ಟು ಸಣ್ಣ ಯುಪಿಎಸ್ ಸಿಗುತ್ತದೆ, ಸಾಕು. ರೀಫರ್ಬಿಶ್ಡ್, ಅಂದರೆ ಹಳೆಯದನ್ನು ಸರಿಮಾಡಿ ಮಾರುವ ಲ್ಯಾಪ್‌ಟಾಪ್ ತಂದರೆ ಬಿಲ್ಲು, ವಾರಂಟಿ ಎರಡೂ ಕೇಳಿ. ಪತ್ರ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್ ಉಚಿತ. ಕದ್ದ ಸಾಫ್ಟ್‌ವೇರ್ ಹಾಕಿಸಬೇಡಿ, ವೈರಸ್ ಬಂದು ಬಿಲ್ಲುಗಳೆಲ್ಲ ಹೋದರೆ ಉಳಿಸಿದ್ದು ಏನೂ ಇಲ್ಲ. ದಿನಕ್ಕೆ ನಾಲ್ಕೈದು ಹಾಳೆಗೆ ಪ್ರಿಂಟರ್ ಬೇಡ, ಪಕ್ಕದ ಜೆರಾಕ್ಸ್ ಅಂಗಡಿ ಇದೆ. ಇಂಕ್ ಜೆಟ್ ತಂದು ವಾರಗಟ್ಟಲೆ ಬಳಸದಿದ್ದರೆ ನಮ್ಮ ಬಿಸಿಲಿಗೆ ಇಂಕು ಒಣಗಿ ಹೆಡ್ ಕಟ್ಟಿಕೊಳ್ಳುತ್ತದೆ.

ಬೋರ್ಡ್ ಎರಡು ಸಲ ಮಾಡಿಸಬೇಡಿ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಗಿದೆ. ಬೋರ್ಡ್ ಬರೆಯುವವರಿಗೆ ಮೊದಲೇ ಹೇಳಿ.

8. ಬ್ಯಾಂಕು, ಯುಪಿಐ, ಸಣ್ಣಪುಟ್ಟ ಸೋರಿಕೆ

ಕರೆಂಟ್ ಅಕೌಂಟ್, ಅಂದರೆ ವ್ಯಾಪಾರಕ್ಕೆ ಅಂತ ಇರುವ ಬ್ಯಾಂಕ್ ಖಾತೆ, ತೆರೆಯುವ ಮೊದಲು ಕನಿಷ್ಠ ಎಷ್ಟು ದುಡ್ಡು ಇಟ್ಟಿರಬೇಕು, ಇಲ್ಲದಿದ್ದರೆ ಎಷ್ಟು ಕಡಿತ, ತಿಂಗಳಿಗೆ ಎಷ್ಟು ನಗದು ಉಚಿತವಾಗಿ ಕಟ್ಟಬಹುದು ಅಂತ ಎರಡು ಮೂರು ಬ್ಯಾಂಕಿನಲ್ಲಿ ಕೇಳಿ. ವ್ಯತ್ಯಾಸ ಜಾಸ್ತಿ ಇರುತ್ತದೆ.

ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವಂತಿಲ್ಲ, 2020ರ ಜನವರಿಯಿಂದ ಹೀಗೇ. ಆದರೆ ‘ಇಷ್ಟು ರೂಪಾಯಿ ಬಂದಿದೆ’ ಅಂತ ಕೂಗುವ ಡಬ್ಬಿಗೆ ತಿಂಗಳ ಬಾಡಿಗೆ ಇರಬಹುದು. ಹುಡುಗ ಬಂದು ‘ಫ್ರೀ ಸರ್’ ಅಂದು ಇಟ್ಟು ಹೋಗುತ್ತಾನೆ, ಮುಂದಿನ ತಿಂಗಳಿಂದ ಖಾತೆಯಲ್ಲಿ ಕಡಿತ ಶುರು. ದಿನಕ್ಕೆ ಐದಾರು ಗಿರಾಕಿ ಬರುವ ಆಫೀಸಿಗೆ ಮೊಬೈಲಿನ ಮೆಸೇಜೇ ಸಾಕು.

ಪೂರ್ತಿ ಸಂಬಳದ ಆಳು ಇಡುವ ಮೊದಲು ಅರ್ಧ ದಿನದವರನ್ನು ನೋಡಿ. ಲೆಕ್ಕ ಬರೆಯುವವರಿಗೆ ತಿಂಗಳಿಗೆ ಇಷ್ಟು ಅಂತ ಹೊರಗಿನಿಂದಲೇ ಗೊತ್ತು ಮಾಡಿಕೊಳ್ಳಿ. ಆಫೀಸ್ ಸಿಂಗಾರಕ್ಕೆ ಅಂತ ಸಾಲವಂತೂ ತೆಗೆಯಬೇಡಿ. ಮುದ್ರಾ ಸಾಲ ಸಿಕ್ಕರೆ ಅದು ಮಷಿನ್‌ಗೆ, ಮಾಲಿಗೆ ಹೋಗಲಿ.

9. ಜಾಗ ಬಿಡುವಾಗ

ದೊಡ್ಡ ಜಾಗಕ್ಕೆ ಹೋಗುವಾಗಲೂ, ಮನೆಗೆ ವಾಪಸ್ ಬರುವಾಗಲೂ ಕ್ರಮ ಒಂದೇ. ಕರಾರಿನಲ್ಲಿ ಹೇಳಿದಷ್ಟು ದಿನ ಮೊದಲು ನೋಟಿಸ್ ಬರಹದಲ್ಲಿ ಕೊಡಿ. ವಾಟ್ಸ್ಆ್ಯಪ್‌ನಲ್ಲೂ ಕಳಿಸಿಡಿ. ಕೊನೆಯ ದಿನ ಮೀಟರ್ ರೀಡಿಂಗಿನ ಫೋಟೊ, ಖಾಲಿ ರೂಮಿನ ವಿಡಿಯೊ ತೆಗೆಯಿರಿ. ಬಿಲ್ ಕಟ್ಟಿದ ರಸೀದಿ ತೋರಿಸಿ, ಅಡ್ವಾನ್ಸ್ ಕೈಗೆ ಬಂದ ಮೇಲೆ ಬೀಗದ ಕೈ ಕೊಡಿ. ಬೀಗದ ಕೈ ಮೊದಲು ಕೊಟ್ಟವರು ತಿಂಗಳುಗಟ್ಟಲೆ ಅಲೆಯುವುದುಂಟು.

ಜಿಎಸ್‌ಟಿ ಇದ್ದರೆ ಹೊಸ ವಿಳಾಸವನ್ನು 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದಲು ಅರ್ಜಿ ಹಾಕಿ. ಹಳೆಯ ವಿಳಾಸಕ್ಕೆ ತಪಾಸಣೆಗೆ ಬಂದು ಅಲ್ಲಿ ನೀವಿಲ್ಲ ಅಂತಾದರೆ ನೋಂದಣಿ ರದ್ದು ಮಾಡುವ ನೋಟಿಸ್ ಬರಬಹುದು. ಇಂಟರ್ನೆಟ್ ವರ್ಷದ ಪ್ಯಾಕ್ ಕಟ್ಟಿದ್ದರೆ ಹೊಸ ಜಾಗದಲ್ಲಿ ಅದೇ ಕಂಪನಿಯ ಲೈನ್ ಇದೆಯಾ ಅಂತ ಸಾಮಾನು ಎತ್ತುವ ಮೊದಲೇ ಕೇಳಿ.